ನೋವು ನಿಂತಿದ್ದಕ್ಕೆ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ಲು!

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ಮಾತಿದೆ: ಟೆಂಪರರಿ ಫಿಕ್ಸ್‌ನಷ್ಟು ಪರ್ಮನೆಂಟಾದದ್ದು ಬೇರೊಂದಿಲ್ಲ. "ಸದ್ಯಕ್ಕೆ ಹೀಗಿರಲಿ, ಮುಂದಿನ ರಿಲೀಸಿನಲ್ಲಿ ಸರಿ ಮಾಡೋಣ" ಅಂತ ಹಾಕಿದ ತೇಪೆ ಐದು ವರ್ಷ ಆದ್ರೂ ಅಲ್ಲೇ ಇರುತ್ತೆ. ಕೋಡಿನಲ್ಲಾದ್ರೆ ಹೇಗೋ ನಡೆಯುತ್ತೆ ಬಿಡಿ. ಆದ್ರೆ ಹಲ್ಲಿನ ವಿಷಯದಲ್ಲೂ ನಾವು ಇದನ್ನೇ ಮಾಡ್ತೀವಲ್ಲ, ಅಲ್ಲಿದೆ ನನ್ನ ತಕರಾರು.

ನನ್ನ ಟೀಮಿನ ಗೆಳೆಯನೊಬ್ಬ ಊರಿಂದ ತಂದ ಕೋಡುಬಳೆ ಕಚ್ಚಿ ದವಡೆ ಹಲ್ಲಿನ ಒಂದು ಮೂಲೆ ಮುರಿದುಕೊಂಡ. ದಂತವೈದ್ಯರು ಸಿಗೋದು ನಾಲ್ಕು ದಿನದ ನಂತರ ಅಂತಾಯ್ತು. ಎರಡು ರಾತ್ರಿ ನಿದ್ದೆಯಿಲ್ಲ. ಮೂರನೇ ದಿನ ನೋವು ತಾನಾಗೇ ಮಾಯ! ಪುಣ್ಯಾತ್ಮ ಖುಷಿಯಾಗಿ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದ. ಎರಡು ತಿಂಗಳ ನಂತರ ಕೆನ್ನೆ ಊದಿಸಿಕೊಂಡು ಆಫೀಸಿಗೆ ಬಂದಾಗ ಆ ಹಲ್ಲು ಉಳಿಯುವ ಸ್ಥಿತಿಯಲ್ಲಿರಲಿಲ್ಲ.

ಹೀಗೇಕಾಗುತ್ತೆ ಅನ್ನೋದು ಗೊತ್ತಿದ್ದರೆ ಯಾರೂ ಕ್ಯಾನ್ಸಲ್ ಮಾಡಲಾರರು. ಹಲ್ಲಿನ ಮೇಲಿರೋದು ಎನಾಮಲ್, ಅದರ ಕೆಳಗೆ ಡೆಂಟಿನ್, ನಡುವಿನ ಪುಟ್ಟ ಕೋಣೆಯಲ್ಲಿ ನರ, ರಕ್ತನಾಳಗಳಿರುವ ಪಲ್ಪ್. ಬಿರುಕಿನಿಂದ ಸೋಂಕು ಒಳಗಿಳಿದರೆ ಪಲ್ಪ್ ಊದಿಕೊಳ್ಳುತ್ತೆ. ಸುತ್ತ ಗಟ್ಟಿ ಗೋಡೆ, ಊದೋಕೆ ಜಾಗವೇ ಇಲ್ಲ. ಆ ಪ್ರಾಣ ಹಿಂಡುವ ನೋವು ಅದರದ್ದೇ. ಕೊನೆಗೆ ಪಲ್ಪ್ ಸತ್ತರೆ ನೋವು ಹೇಳೋಕೆ ನರವೇ ಉಳಿದಿರೋದಿಲ್ಲ. ನಮಗೆ ಆರಾಮ! ಬ್ಯಾಕ್ಟೀರಿಯಾ ಮಾತ್ರ ಬೇರಿನ ತುದಿ ದಾಟಿ ಮೂಳೆಗೆ ಇಳಿದು ಕೀವು ಮಾಡ್ತಾ ಇರುತ್ತೆ. ಸರ್ವರ್‌ಗೆ ಬೆಂಕಿ ಬಿದ್ದಿದೆ, ಅಲಾರಂ ಸುಟ್ಟು ಹೋಗಿ ಸುಮ್ಮನಾಗಿದೆ, ಅಷ್ಟೇ. ಕೈಮೂಳೆ ಮುರಿದರೆ ಕೂಡಿಕೊಳ್ಳುತ್ತೆ, ಎನಾಮಲ್ ಒಮ್ಮೆ ಮುರಿದರೆ ಮತ್ತೆ ಬೆಳೆಯೋದಿಲ್ಲ.

ಹಾಗಾದ್ರೆ ಕಾಯುವ ದಿನಗಳಲ್ಲಿ ಮಾಡೋದೇನು? ನನ್ನ ಪ್ರಕಾರ ಆ ದಿನಗಳ ಕೆಲಸ ಒಂದೇ, ಇದ್ದದ್ದನ್ನು ಕೆಡಿಸದೆ ಡಾಕ್ಟರ ಕುರ್ಚಿವರೆಗೆ ತಲುಪಿಸೋದು. ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಒಂದು ಲೋಟಕ್ಕೆ ಅರ್ಧ ಟೀ ಚಮಚ ಉಪ್ಪು ಸಾಕು. ಇನ್ನೊಂದು ಬದಿಯಲ್ಲಿ ಅಗಿಯಿರಿ. ಐಸ್‌ಕ್ರೀಂ, ಬಿಸಿ ಬಿಸಿ ಕಾಫಿ, ಚಕ್ಕುಲಿಗೆ ಸ್ವಲ್ಪ ದಿನ ರಜೆ. ನೋವಿದೆ ಅಂತ ಬ್ರಷ್ ಮಾಡೋದು ಬಿಡಬೇಡಿ, ಮೆತ್ತಗೆ ಉಜ್ಜಿ. ಚೂಪಾದ ಅಂಚು ನಾಲಿಗೆ ಕೊಯ್ಯುತ್ತಿದ್ದರೆ ಬ್ರೇಸಸ್ ಹಾಕಿಕೊಂಡವರು ಬಳಸುವ ಮೇಣ ಅಂಟಿಸಬಹುದು. ಊತಕ್ಕೆ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸು, ರಾತ್ರಿ ತಲೆಗೆ ಇನ್ನೊಂದು ದಿಂಬು.

ಅಮ್ಮ ಫೋನಿನಲ್ಲಿ ಹೇಳುವ ಲವಂಗವನ್ನು ನಗಬೇಡಿ. ಅದರಲ್ಲಿರುವ ಯೂಜಿನಾಲನ್ನು ದಂತವೈದ್ಯರೂ ತಾತ್ಕಾಲಿಕ ಫಿಲ್ಲಿಂಗಿನಲ್ಲಿ ಬಳಸ್ತಾರೆ. ಆದ್ರೆ ಲವಂಗದ ಎಣ್ಣೆ ಹತ್ತಿಯಲ್ಲಿ ಒಂದು ಹನಿ ಸಾಕು, ಒಸಡಿಗೆ ಸುರಿದರೆ ಸುಡುತ್ತೆ. ನೋವಿನ ಮಾತ್ರೆ ನುಂಗೋಕೆ ಇರೋದು. ಆಸ್ಪಿರಿನ್ ಒಸಡಿನ ಮೇಲಿಟ್ಟುಕೊಂಡರೆ ಚರ್ಮ ಬೆಳ್ಳಗೆ ಸುಟ್ಟುಹೋಗುತ್ತೆ. ಹೊಗೆಸೊಪ್ಪು ಒತ್ತಿಕೊಳ್ಳೋದಂತೂ ಬೇಡವೇ ಬೇಡ, ಹಲ್ಲು ಹೋದ ಮೇಲೂ ಚಟ ಉಳಿಯುತ್ತೆ. ಹಾಗೇ, ಅಂಗಡಿಯ ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತೆ. ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ, ಡಬಲ್ ಆಗದಿರಲಿ.

ನನಗೆ ನಿಜಕ್ಕೂ ಸಿಟ್ಟು ಬರೋದು ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ಮೇಲೆ. "ಹಲ್ಲುನೋವು" ಅಂದ ತಕ್ಷಣ ಚೀಟಿ ಕೇಳದೆ ಅಮಾಕ್ಸಿಸಿಲಿನ್ ಕತ್ತರಿಸಿ ಕೊಡ್ತಾರೆ, ನಾವೂ ಮೂರು ನುಂಗಿ ಉಳಿದದ್ದನ್ನು ಡ್ರಾಯರಿಗೆ ಹಾಕ್ತೀವಿ. ಸತ್ತ ಪಲ್ಪಿಗೆ ರಕ್ತವೇ ಹರಿಯದಿರುವಾಗ ಮದ್ದು ಅಲ್ಲಿಗೆ ತಲುಪೋದು ಹೇಗೆ? ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಹೇಳೋದು ಇದನ್ನೇ: ಆರೋಗ್ಯವಂತ ವಯಸ್ಕರಿಗೆ ಹೆಚ್ಚಿನ ಹಲ್ಲುನೋವುಗಳಲ್ಲಿ ಬೇಕಾಗಿರೋದು ಹಲ್ಲಿನ ಚಿಕಿತ್ಸೆ, ಆಂಟಿಬಯಾಟಿಕ್ ಬೇಕಿಲ್ಲ. ಬೇಕೋ ಬೇಡವೋ ಅಂತ ನೋಡಿ ಹೇಳಬೇಕಾದವರು ಡಾಕ್ಟರು, ಕೌಂಟರಿನ ಹುಡುಗ ಅಲ್ಲ.

ಇನ್ನು ಕೆಲವಕ್ಕೆ ಕಾಯೋ ಮಾತೇ ಇಲ್ಲ. ಕೆನ್ನೆ ಅಥವಾ ಗದ್ದದ ಕೆಳಗೆ ಊತ ಹಬ್ಬುತ್ತಿದ್ದು ಜೊತೆಗೆ ಜ್ವರ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ ಅಂತಾದರೆ ನಡುರಾತ್ರಿಯಾದ್ರೂ ಆಸ್ಪತ್ರೆಗೆ ಓಡಿ. ಬಿದ್ದು ಪೂರ್ತಿ ಹಲ್ಲೇ ಕಿತ್ತು ಬಂದರೆ ಬೇರಿನ ಕಡೆ ಮುಟ್ಟದೆ ಎತ್ತಿಕೊಳ್ಳಿ, ಉಜ್ಜಬೇಡಿ, ಹಾಲಿನಲ್ಲಿ ಹಾಕಿ ಕೂಡಲೇ ಹೊರಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಅವಕಾಶ ಚೆನ್ನಾಗಿರುತ್ತೆ. (ಮಕ್ಕಳ ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸೋದಿಲ್ಲ.)

ಮುಂದೂಡೋಕೆ ಕಾರಣ ಸೋಮಾರಿತನ ಒಂದೇ ಅಲ್ಲ, ದುಡ್ಡೂ ಇದೆ, ಗೊತ್ತು. ಕಂಪನಿಯ ಹೆಲ್ತ್ ಇನ್ಶೂರೆನ್ಸು ಸಾಮಾನ್ಯವಾಗಿ ಹಲ್ಲಿನ ಹತ್ತಿರ ಸುಳಿಯೋದಿಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ: ಇವತ್ತಿನ ಫಿಲ್ಲಿಂಗು ನಾಳೆ ರೂಟ್ ಕೆನಾಲ್ ಮತ್ತು ಕ್ಯಾಪು, ನಾಡಿದ್ದು ಕೀಳಿಸಿ ಇಂಪ್ಲಾಂಟು. ಪ್ರತಿ ಮೆಟ್ಟಿಲಿಗೂ ಬಿಲ್ಲು ಏರುತ್ತೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ, ಖಾಸಗಿ ಡೆಂಟಲ್ ಕಾಲೇಜುಗಳ ಓಪಿಡಿಗಳಲ್ಲಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತೆ. ವಿದ್ಯಾರ್ಥಿಗಳ ಪಕ್ಕ ಮೇಷ್ಟ್ರು ನಿಂತಿರ್ತಾರೆ, ಸಮಯ ಸ್ವಲ್ಪ ಹೆಚ್ಚು ಬೇಕು ಅಷ್ಟೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ಮುದುಕರ ಬಗ್ಗೆ ಅಂದುಕೊಂಡಿದ್ದೆ. ಸಂಬಳ ಬಂದು, ಕಡಲೆಯೂ ಕೈಗೆ ಬಂದಿರುವ ನಮ್ಮ ವಯಸ್ಸಿನಲ್ಲೇ ಹಲ್ಲು ಕಳೆದುಕೊಂಡರೆ ಏನು ಚೆಂದ ಹೇಳಿ? ನಿಮ್ಮಲ್ಲಿ ಯಾರದ್ದಾದ್ರೂ ಹಲ್ಲು ನೋಯ್ತಾ ನೋಯ್ತಾ ಈಗ "ಸರಿಹೋಗಿದೆ" ಅಂತಿದ್ರೆ, ಈ ಬರಹಕ್ಕೆ ಕಾಮೆಂಟು ಆಮೇಲೆ ಹಾಕಿ. ಮೊದಲು ಡಾಕ್ಟರಿಗೊಂದು ಫೋನ್ ಮಾಡಿ :-)