ಅಂಜುವ ಬಾಲಿಕೆಯರನ್ನು ಕುರಿತು ಕೆಲವು ಮಾತುಗಳು

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಪರೀಕ್ಷೆಗಳ ಫಲಿತಾಂಶವನ್ನೂ ಬಹುಮಾನಗಳ ವಿವರವನ್ನೂ ಕೊಟ್ಟು ಮುಗಿಸಬಹುದೆಂದು ಮೊದಲು ಎಣಿಸಿದೆನು. ಆದರೆ ಬಹುಮಾನ ಪಡೆದವರ ಹೆಸರುಗಳು ಬೇರೆ ಪುಟಗಳಲ್ಲಿ ಹೇಗೂ ಬರುವವು. ಯಾವ ಪಟ್ಟಿಯಲ್ಲಿಯೂ ಹೆಸರು ಬಾರದ ಒಬ್ಬ ಹುಡುಗಿಯ ವಿಷಯವು ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ. ಅದರಿಂದಲೇ ಆರಂಭಿಸುತ್ತೇನೆ.

ನಾನು ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಸೊರಬದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಬಾಲಿಕೆಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅವಳ ಬರವಣಿಗೆ ಅಚ್ಚುಕಟ್ಟು, ಲೆಕ್ಕದಲ್ಲಿ ಚುರುಕು. ಆದರೆ ಎದ್ದು ನಿಂತು ಪಾಠವನ್ನು ಓದೆಂದರೆ ಕೈ ನಡುಗುವುದು, ನಾಲಿಗೆ ಒಣಗುವುದು. ಸೋಮವಾರ ಬಂದಿತೆಂದರೆ ಹೊಟ್ಟೆನೋವು. ನಾನು ಮೊದಲು ಗದರಿಸಿದೆನು. ಇದೆಲ್ಲ ನಟನೆಯೆಂದು ತರಗತಿಯ ಮುಂದೆಯೇ ಆಡಿದೆನು. ಅವಳು ಅತ್ತಳು. ಆಮೇಲೆ ಕನಿಕರಪಟ್ಟು, ಇನ್ನು ಮೇಲೆ ನೀನು ಓದುವುದೇ ಬೇಡವೆಂದು ಬಿಟ್ಟುಬಿಟ್ಟೆನು. ಅವಳ ತಾಯಿಯೂ ಹೊಟ್ಟೆನೋವೆಂದ ದಿನವೆಲ್ಲ ಮಗಳನ್ನು ಮನೆಯಲ್ಲಿಯೇ ಇರಿಸಿಕೊಂಡಳು. ಎಂಟನೆಯ ತರಗತಿಯ ನಡುವೆ ಹುಡುಗಿಯು ಶಾಲೆಯನ್ನೇ ಬಿಟ್ಟಳು. ನಾನು ಗದರಿಸಿದ್ದು ತಪ್ಪು, ಬಿಟ್ಟುಬಿಟ್ಟದ್ದೂ ತಪ್ಪು. ಇದನ್ನು ತಿಳಿಯುವುದಕ್ಕೆ ನನಗೆ ಬಹಳ ವರ್ಷಗಳು ಹಿಡಿದವು.

ನಮ್ಮ ಶಿಕಾರಿಪುರ ಸೊರಬಗಳ ಸೀಮೆಯಲ್ಲಿ ಮಗುವು ಬೆಚ್ಚಿಬಿದ್ದರೆ ಅಜ್ಜಿಯರು ದೃಷ್ಟಿ ನಿವಾಳಿಸುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಅವರನ್ನು ನಾನು ಹಾಸ್ಯ ಮಾಡಲಾರೆ. ಮಗುವಿಗೆ ಏನೋ ಆಗಿದೆಯೆಂದು ಅವರಾದರೂ ಒಪ್ಪಿದರು. ಓದಿದವರಾದ ನಾವು ಅಷ್ಟನ್ನೂ ಒಪ್ಪದೆ ‘ಹಟ’ವೆಂದೆವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಜನರಿಗೆ ಘೋರವಾದ ಜ್ವರವು ಬಂದಾಗ, ವಿಜ್ಞಾನಿಗಳು ಬಂದು ಪರೀಕ್ಷಿಸಿ, ಉಣುಗುಗಳಿಂದ ಹರಡುವ ವೈರಾಣುವೇ ಅದಕ್ಕೆ ಕಾರಣವೆಂದು ಕಂಡುಹಿಡಿದರು. ಆ ಕಾಯಿಲೆಗೆ ನಮ್ಮ ಕಾಡಿನ ಹೆಸರೇ ಲೋಕದಲ್ಲಿ ನಿಂತಿತು. ಜ್ವರ ಬಂದ ಮಗುವನ್ನು ಯಾರೂ ಗದರಿಸುವುದಿಲ್ಲ. ಭಯವನ್ನೂ ಅದೇ ರೀತಿಯಲ್ಲಿ, ಕಾರಣವೇನು, ಉಪಾಯವೇನು ಎಂದು ಪರೀಕ್ಷಿಸಿದವರು ಲೋಕದಲ್ಲಿ ಇದ್ದಾರೆ. ಅವರು ಕಂಡದ್ದನ್ನು ನಾವು ತಿಳಿಯುವುದು ಅಗತ್ಯ.

ಎಲ್ಲ ಭಯವೂ ವ್ಯಾಧಿಯಲ್ಲ. ಕತ್ತಲಿಗೆ, ಗುಡುಗಿಗೆ, ಪರೀಕ್ಷೆಗೆ ಅಂಜುವುದು ಮಕ್ಕಳಿಗೆ ಸಹಜ. ಊಟ, ನಿದ್ರೆ, ಆಟ, ಪಾಠಗಳನ್ನು ಭಯವು ವಾರಗಟ್ಟಲೆ ಕೆಡಿಸುತ್ತ ಬಂದರೆ ಮಾತ್ರ ಅದಕ್ಕೆ ಚಿಕಿತ್ಸೆಯು ಬೇಕು.

ಈ ಪರಿಶೋಧನೆಯ ಮೊದಲ ಹೆಜ್ಜೆಯನ್ನಿಟ್ಟವರಲ್ಲಿ ಒಬ್ಬ ಮಹಿಳೆಯಿದ್ದಳೆಂಬುದು ನಮಗೆ ಸಂತೋಷದ ಸಂಗತಿ. ಅಮೇರಿಕದ ಮೇರಿ ಕವರ್ ಜೋನ್ಸ್ ಎಂಬಾಕೆಯು, ಮೊಲವನ್ನು ಕಂಡರೆ ಕಿರಿಚುತ್ತಿದ್ದ ಪೀಟರ್ ಎಂಬ ಮೂರು ವರ್ಷದ ಮಗುವಿನ ವೃತ್ತಾಂತವನ್ನು 1924ರಲ್ಲಿ ಪ್ರಕಟಿಸಿದಳು. ಮಗುವು ತನಗೆ ಇಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಡುವುದು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತರುವುದು. ಇದೇ ಆಕೆಯ ಉಪಾಯವು. ಕಡೆಗೆ ಪೀಟರನು ಮೊಲವನ್ನು ತಾನೇ ಸವರಿದನು. ಆಕೆಯು ಅವನನ್ನು ಗದರಿಸಲೂ ಇಲ್ಲ, ಮೊಲವನ್ನು ಮನೆಯಿಂದ ಓಡಿಸಲೂ ಇಲ್ಲ.

ಇಂದು ‘ಕಾಗ್ನಿಟಿವ್ ಬಿಹೇವಿಯರ್ ಥೆರಪಿ’ ಎಂದು ಕರೆಯುವ ಚಿಕಿತ್ಸೆಯಲ್ಲಿ ಈ ಉಪಾಯವೇ ಬೆಳೆದು ನಿಂತಿದೆ. ಮೊದಲು ಮಗುವು ತನ್ನ ಭಯವನ್ನು ಗುರುತಿಸಿ ಹೆಸರಿಡಲು ಕಲಿಯುತ್ತದೆ. ‘ಎಲ್ಲರೂ ನಗುತ್ತಾರೆ’ ಎಂಬ ತನ್ನೊಳಗಿನ ಮಾತು ನಿಜವೇ ಎಂದು ವಿಚಾರಿಸುತ್ತದೆ. ಅನಂತರ ಮೆಟ್ಟಲು ಮೆಟ್ಟಲಾಗಿ ಭಯದ ಎದುರಿಗೆ ಹೋಗುತ್ತದೆ. ನನ್ನ ಆ ಶಿಷ್ಯೆಯು ಮೊದಲು ನನ್ನೊಬ್ಬಳ ಮುಂದೆ ಒಂದು ಸಾಲು, ಮರುವಾರ ಗೆಳತಿಯೊಬ್ಬಳ ಮುಂದೆ ಎರಡು ಸಾಲು, ಆಮೇಲೆ ಕುಳಿತಲ್ಲಿಂದಲೇ ಒಂದು ಪುಟ ಓದಿದ್ದರೆ, ಎದ್ದು ನಿಲ್ಲುವ ದಿನವೂ ಬರುತ್ತಿತ್ತೋ ಏನೋ.

2008ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ತೀವ್ರವಾದ ಆತಂಕವುಳ್ಳ 7ರಿಂದ 17 ವರ್ಷದ 488 ಮಕ್ಕಳನ್ನು ನಾಲ್ಕು ಗುಂಪುಗಳಾಗಿ ಮಾಡಿ 12 ವಾರ ನೋಡಿದರು. ಈ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ ನೂರಕ್ಕೆ ಸುಮಾರು 60 ಮಂದಿಯೂ, ಔಷಧವನ್ನು ಮಾತ್ರ ಪಡೆದವರಲ್ಲಿ 55 ಮಂದಿಯೂ, ಎರಡನ್ನೂ ಪಡೆದವರಲ್ಲಿ 81 ಮಂದಿಯೂ ಚೆನ್ನಾಗಿ ಗುಣ ಹೊಂದಿದರು. ಔಷಧವಿಲ್ಲದ ಹುಸಿ ಗುಳಿಗೆಯನ್ನು ಪಡೆದವರಲ್ಲಿ ಹಾಗೆ ಗುಣವಾದವರು 24 ಮಂದಿ. ಎಲ್ಲರಿಗೂ ಗುಣವಾಗಲಿಲ್ಲವೆಂಬುದನ್ನು ನಾವು ಮರೆಯಕೂಡದು. ಆದರೆ ಆಸೆಗೆ ಇಷ್ಟು ಆಧಾರವಿರುವಾಗ ಕೈಕಟ್ಟಿ ಕೂರುವುದೂ ಕೂಡದು.

ತಾಯಂದಿರು ಇನ್ನೊಂದು ಮಾತನ್ನು ಕೇಳಬೇಕು. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದವರು 124 ಮಕ್ಕಳ ವಿಷಯದಲ್ಲಿ ಒಂದು ಫಲಿತವನ್ನು ಪ್ರಕಟಿಸಿದರು. ಒಂದು ಗುಂಪಿನಲ್ಲಿ ಮಕ್ಕಳಿಗೆ ಚಿಕಿತ್ಸೆ. ಇನ್ನೊಂದರಲ್ಲಿ ಮಕ್ಕಳನ್ನು ಕರೆಯದೆ ತಂದೆತಾಯಿಗಳಿಗೆ ಮಾತ್ರ ಶಿಕ್ಷಣ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯಾಗಲಿಲ್ಲ. ಪಾಲಕರು ಅಲ್ಲಿ ಕಲಿತದ್ದೇನೆಂದರೆ, ‘ನಿನ್ನ ಕಷ್ಟ ನನಗೆ ತಿಳಿಯುತ್ತದೆ, ನೀನು ಇದನ್ನು ತಾಳಬಲ್ಲೆಯೆಂದೂ ನಾನು ನಂಬಿದ್ದೇನೆ’ ಎಂದು ಹೇಳಿ, ಭಯಕ್ಕೆ ತಾವೇ ದಾರಿ ಬಿಟ್ಟುಕೊಡುವ ಅಭ್ಯಾಸವನ್ನು ಮೆಲ್ಲನೆ ಕಡಿಮೆ ಮಾಡುವುದು. ಸೋಮವಾರದ ಹೊಟ್ಟೆನೋವಿಗೆ ಮನೆಯ ಬಾಗಿಲೇ ಮದ್ದಾದರೆ, ಮುಂದಿನ ಸೋಮವಾರದ ನೋವು ಇಮ್ಮಡಿಯಾಗುವುದು.

ಕಣ್ಣಮುಂದೆ ಮರಣವನ್ನೋ ಅಪಘಾತವನ್ನೋ ಕಂಡ ಮಕ್ಕಳ, ಯಾರಿಂದಲೋ ಹಿಂಸೆಗೆ ಒಳಗಾದ ಮಕ್ಕಳ ವಿಷಯವು ಬೇರೆ. ಇಂಥವರಿಗೆ ‘ಮರೆತುಬಿಡು’ ಎನ್ನುವುದು ನಮ್ಮ ರೂಢಿ. ಅವರಲ್ಲಿ ಅನೇಕರು ಪ್ರೀತಿಯ ಆಸರೆಯಿದ್ದರೆ ಕಾಲಕ್ರಮದಲ್ಲಿ ತಾವೇ ಚೇತರಿಸಿಕೊಳ್ಳುವರು; ಆಘಾತವಾದ ಮೊದಲ ದಿನಗಳಲ್ಲಿ ಕೆದಕಿ ಕೆದಕಿ ಹೇಳಿಸುವುದೂ ಸಲ್ಲದು. ಆದರೆ ಕೆಟ್ಟ ಕನಸು, ಬೆಚ್ಚುವಿಕೆ, ಮೌನ ಇವು ತಿಂಗಳು ಕಳೆದರೂ ಬಿಡದಿದ್ದರೆ, ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯನ್ನು ಕೊಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಮಕ್ಕಳಿಗೂ ಇದನ್ನೇ ಸಲಹೆ ಮಾಡಿತು. ಲೈಂಗಿಕ ಹಿಂಸೆಗೆ ಗುರಿಯಾದ 229 ಮಕ್ಕಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಗುವು ಪಳಗಿದವರ ಮುಂದೆ ತನ್ನ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿ, ಕಡೆಗೆ ನಂಬಿಕೆಯ ಹಿರಿಯರೊಡನೆ ಹಂಚಿಕೊಳ್ಳುವ ಕ್ರಮವೇ ಹೆಚ್ಚು ಫಲಕಾರಿಯಾಯಿತು. ಆದರೆ ಮಗುವು ಮೊದಲು ಸುರಕ್ಷಿತವಾಗಿರಬೇಕು. ಹಿಂಸೆ ಮಾಡಿದವನು ಅದೇ ಮನೆಯಲ್ಲಿರುವಾಗ ಯಾವ ಚಿಕಿತ್ಸೆಯೂ ನಿಲ್ಲದು. ಅಂಥ ಸಂಗತಿಯನ್ನು ಮರೆಮಾಡುವುದು 2012ರ ಪೋಕ್ಸೊ ಕಾನೂನಿನಂತೆ ಅಪರಾಧವೂ ಹೌದು.

ಇದು ದೂರದೇಶದ ಮಾತೆಂದು ತಿಳಿಯಬಾರದು. ಬೆಂಗಳೂರಿನ ನಗರ ಮತ್ತು ಗ್ರಾಮ ಭಾಗಗಳ 2,064 ಮಕ್ಕಳನ್ನು ಪರೀಕ್ಷಿಸಿದ ವರದಿಯು 2005ರಲ್ಲಿ ಬಂದಿತು, ನೂರಕ್ಕೆ 12.5ರಷ್ಟು, ಎಂದರೆ ಎಂಟರಲ್ಲಿ ಒಬ್ಬ ಮಗುವಿಗೆ, ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅದೇ ನಗರದ ನಿಮ್ಹಾನ್ಸ್ ಸಂಸ್ಥೆಯ ಮಾಳವಿಕಾ ಕಪೂರರು ಶಾಲಾ ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ ಬಹುಕಾಲ ದುಡಿದರು. ನಮ್ಮ ಶಿವಮೊಗ್ಗದಲ್ಲಿಯೇ ಮನೋವೈದ್ಯ ಡಾ. ಅಶೋಕ್ ಪೈಯವರು, 2016ರಲ್ಲಿ ತೀರಿಕೊಳ್ಳುವವರೆಗೂ, ಮನಸ್ಸಿನ ವ್ಯಾಧಿಗಳ ವಿಷಯವನ್ನು ಕನ್ನಡದಲ್ಲಿ ಜನರಿಗೆ ತಿಳಿಯಹೇಳಿದರು.

ಹಾಗಾದರೆ ಈ ಕೆಲಸವನ್ನು ಉಪಾಧ್ಯಾಯಿನಿಯರೇ ಮಾಡಬಾರದೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ನಂಬಿದ್ದೆನು. ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೇಹರ್’ ಎಂಬ ಪರೀಕ್ಷೆಯು ನನ್ನ ಗರ್ವವನ್ನು ಮುರಿಯಿತು. ಮಕ್ಕಳ ಕ್ಷೇಮದ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರೂ, ಕೆಲವು ಶಾಲೆಗಳಲ್ಲಿ ಅಲ್ಲಿಯ ಉಪಾಧ್ಯಾಯರೂ ನಡೆಸಿದರು. ಸಲಹೆಗಾರರಿದ್ದಲ್ಲಿ ಶಾಲೆಯ ವಾತಾವರಣವು ಹಸನಾಯಿತು. ಖಿನ್ನತೆಯೂ ಒಬ್ಬರನ್ನೊಬ್ಬರು ಪೀಡಿಸುವುದೂ ಇಳಿದವು. ಉಪಾಧ್ಯಾಯರು ನಡೆಸಿದಲ್ಲಿ ಕಾರ್ಯಕ್ರಮವೇ ಇಲ್ಲದ ಶಾಲೆಗಳಿಗೂ ಅವಕ್ಕೂ ಅಂತರವು ಕಾಣಲಿಲ್ಲ.

ನಾವು ಪ್ರೀತಿಯಿಲ್ಲದವರಲ್ಲ. ಆದರೆ ಕೈಯಲ್ಲಿ ಅಂಕದ ಪುಸ್ತಕವನ್ನು ಹಿಡಿದವಳ ಮುಂದೆ ಹುಡುಗಿಯು ತನ್ನ ಭಯವನ್ನು ಬಿಚ್ಚಿಡುವುದು ಕಷ್ಟ. ಆದಕಾರಣ ನನ್ನ ಅಭಿಪ್ರಾಯವಿಷ್ಟೇ: ನಮ್ಮ ಎರಡು ತಾಲ್ಲೂಕುಗಳ ಪ್ರತಿಯೊಂದು ಬಾಲಿಕಾ ಪ್ರೌಢಶಾಲೆಯಲ್ಲಿಯೂ ಅಂಕ ಕೊಡದ, ಹಾಜರಿ ಕೂಗದ, ತರಬೇತಿ ಪಡೆದ ಒಬ್ಬ ಸಲಹೆಗಾರ್ತಿ ಇರಬೇಕು. ಹಣವೆಲ್ಲಿದೆಯೆಂದು ಕೇಳುವವರಿಗೆ, ಹಳೆಯ ವಿದ್ಯಾರ್ಥಿನಿಯರು ಕಟ್ಟಿಸಿಕೊಡಲಿರುವ ಹೊಸ ಕಮಾನಿಗಿಂತ ಮೊದಲು ಇದಾಗಲಿ ಎಂದು ಉತ್ತರ ಹೇಳುವೆನು. ಇದರಿಂದ ಮಕ್ಕಳು ಮೆತ್ತಗಾಗುವರೆಂಬವರಿಗೆ, ಈ ಚಿಕಿತ್ಸೆಯ ಸಾರವೇ ಭಯದ ಎದುರಿಗೆ ನಡೆಯುವುದೆಂದು ನೆನಪಿಸುವೆನು.

ಅಲ್ಲಿಯವರೆಗೆ, 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಎಂಬ ಸಂಖ್ಯೆಯನ್ನೂ, ಮಕ್ಕಳ ಸಹಾಯವಾಣಿಯ 1098ನ್ನೂ ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡಿರಿ. ಕರೆಗೆ ಹಣ ಬೇಕಾಗಿಲ್ಲ.

ಶಾಲೆ ಬಿಟ್ಟ ಆ ಹುಡುಗಿಗೆ ಈಗ ಮಕ್ಕಳಿರಬಹುದು. ಅವರಲ್ಲೊಬ್ಬಳು ನಮ್ಮ ಬೆಂಚಿನ ಮೇಲೆಯೇ ಕುಳಿತಿರಲೂಬಹುದು. ಸೋಮವಾರ ಅವಳಿಗೆ ಹೊಟ್ಟೆನೋವು ಬಂದರೆ, ನಾವು ಗದರಿಸದೆ, ಬಿಟ್ಟೂಬಿಡದೆ, ಅವಳ ಜೊತೆಯಲ್ಲಿ ಮೊದಲ ಮೆಟ್ಟಲನ್ನು ಹತ್ತುವಂತಾಗಲಿ.