ಔಡಲೆಣ್ಣಿ ಬಾಟ್ಲಿ ಕೆಳಗ ಇಡ್ರಿ

ಕೂಸು ವಾಂತಿ ಮಾಡಿಕೊಂತು, ಹೊಟ್ಟಿ ಉಬ್ಬತು ಅಂದ್ರ ನಮ್ಮ ಓಣ್ಯಾಗ ದವಾಖಾನಿಕಿಂತ ಮೊದಲ ನಾಕ ಮಂದಿ ಡಾಕ್ಟರು ತಯಾರಾಗ್ತಾರ. ಒಬ್ಬಾಕಿ ನೆದರು ಆಗ್ಯಾದ ಅಂತಾಳ, ಒಬ್ಬಾಕಿ ಹಲ್ಲ ಬರಾಕತ್ತಾವ ಅಂತಾಳ, ಮೂರನೇದಾಕಿ ಹೊಟ್ಟಿ ತಿಕ್ಕೋ ಮುದುಕಿನ್ನ ಕರಿಯಾಕ ಹೋಗ್ತಾಳ. ನಾಕನೇದಾಕಿ ಕೈಯಾಗ ಔಡಲೆಣ್ಣಿ ಬಾಟ್ಲಿ. ಇನ್ನೂ ಕೆಲವು ಕಡೆ ಹೊಟ್ಟಿ ಮ್ಯಾಲ ಬರಿ ಕೊಡೋ ಚಟಾನೂ ಹೋಗಿಲ್ಲ. ಸಿಟ್ಟಾಗಬ್ಯಾಡ್ರಿ, ಇದರ ಮ್ಯಾಲ ನನಗ ಜಗಳಾನ ಮಾಡೋದದ.

ಎರಡು ದಿನ ಹೊರಕಡೆ ಆಗಿಲ್ಲ, ಆದ್ರ ಕೂಸು ಆಡತದ, ಉಣ್ಣತದ ಅಂದ್ರ ಅದು ಬ್ಯಾರೆ ಮಾತು. ಅದಕ್ಕ ನೀರು, ಹಣ್ಣು, ಕಾಯಿಪಲ್ಯ ಸಾಕು. ಬಿಸ್ಕೀಟು ಕಡಿಮಿ ಮಾಡ್ರಿ. ನಾ ಹೇಳೋದು ಕರಳಿನ ದಾರೀನ ಮುಚ್ಚಿದ್ದರ ಬಗ್ಗೆ. ಬಾಗಿಲ ಹಾಕಿದ ಮನಿಗೆ ಹಿಂದಿನಿಂದ ಮಂದಿನ್ನ ನೂಕಿದ್ರ ಏನಾಗತದ? ಔಡಲೆಣ್ಣಿ ಮಾಡೋದು ಅದನ್ನ. ಮುಂದ ದಾರಿ ಇಲ್ಲ, ಹಿಂದ ಕರಳು ಉಬ್ಬತದ, ವಾಂತಿ ಜಾಸ್ತಿ ಆಗತದ. ಕರಳು ತಿರುವಿಕೊಂಡಿದ್ರ ರಕ್ತದ ಹರಿವೂ ನಿಂತು ಕೆಲವೇ ತಾಸಿನ್ಯಾಗ ಕರಳು ಕಪ್ಪಾಗಿ ಸಾಯತದ.

ಮತ್ತ ದಾರಿ ಯಾಕ ಮುಚ್ಚತದ ಅನ್ನೋದು ವಯಸ್ಸಿಗೆ ತಕ್ಕಂಗ ಬ್ಯಾರೆ ಬ್ಯಾರೆ. ಎಲ್ಲಾದಕ್ಕೂ ಒಂದ ಬಾಟ್ಲಿ ಹೆಂಗ ನಡೀತದ?

ಹುಟ್ಟಿದ ಕೂಸಿನ ಕರಿ ಹೇಲು ಮೊದಲನೇ ದಿನಾನ ಹೋಗಬೇಕು. ಎರಡು ದಿನ ಆದ್ರೂ ಹೋಗಲಿಲ್ಲಂದ್ರ ನಮ್ಮೋರು ಎಲಿ ತೊಟ್ಟಿಗೆ ಎಣ್ಣಿ ಹಚ್ಚಿ ಹಿಂದ ಇಡ್ತಾರ. ಭರ್ರಂತ ಹೊರಗ ಬರತದ, ಎಲ್ಲಾರೂ ಖುಷಿ. ಮುದುಕಿಗೆ ಸೀರಿ! ಆದ್ರ ಆ ಭರ್ರಂತ ಬರೋದ ಒಂದು ರೋಗದ ಗುರುತು ಇರಬಹುದು. ಕೆಳಗಿನ ಕರಳಿನ್ಯಾಗ ಹುಟ್ಟಾನ ನರದ ಕಣ ಇರೂದಿಲ್ಲ. ಅಷ್ಟು ತುಂಡು ಸಡಿಲ ಆಗೂದಿಲ್ಲ, ಹೇಲನ್ನ ಮುಂದ ನೂಕೂದಿಲ್ಲ. 1886ರಾಗ ಹಿರ್ಷ್‌ಸ್ಪ್ರುಂಗ್ ಅನ್ನೋ ಡೆನ್ಮಾರ್ಕಿನ ಮಕ್ಕಳ ಡಾಕ್ಟರು ಇದನ್ನ ವಿವರವಾಗಿ ಹೇಳಿದ, ಅವನ ಹೆಸರಲೇ ಕರೀತಾರ. ಎಲಿ ತೊಟ್ಟು ರೋಗ ಕಳೀಲಿಲ್ಲ, ಮುಚ್ಚಿಟ್ಟಿತು. ತಿಂಗಳುಗಟ್ಲೆ ಹೊಟ್ಟಿ ಗಡಿಗಿ ಆಗಿ, ಕೈಕಾಲು ಕಡ್ಡಿ ಆದ ಮ್ಯಾಲ ದವಾಖಾನಿಗೆ ಒಯ್ಯೋದು. ಆಪರೇಷನ್ ಆದ್ರ ಇಂಥಾ ಮಕ್ಕಳು ಶಾಲಿಗೆ ಹೋಗಿ, ಓಡಾಡಿ ಬೆಳೀತಾವ.

ಆರೇಳು ತಿಂಗಳ ದುಂಡಗಿನ ಕೂಸು, ಮೊನ್ನಿ ಬರೇ ನೆಗಡಿ ಆಗಿತ್ತು. ಇವತ್ತು ಕಾಲು ಮಡಚಿ ಚೀರತದ, ಆಮ್ಯಾಲ ಸುಮ್ಮನಾಗತದ, ಕಾಲು ತಾಸಿಗೆ ಮತ್ತ ಚೀರತದ. ಆ ಸುಮ್ಮನಾಗೋದ ನಮಗ ಮೋಸ ಮಾಡೋದು. "ನೋಡ, ಇಳಿ ತಗದ ಕೂಡ್ಲೆ ನೆದರು ಹೋತು" ಅಂತಾರ. ಒಳಗ ಕರಳಿನ್ಯಾಗ ಕರಳು ಹೊಕ್ಕಿರತದ, ಅಂಗಿ ತೋಳು ಒಳಗ ಜಗ್ಗಿದಂಗ. ಆಮ್ಯಾಲ ಕೆಂಪ ಲೋಳಿ ಹೋಗತದ. ಅದು ಬರೋತನಕ ಕಾಯಬಾರದು. ಲಗೂನ ಮುಟ್ಟಿಸಿದ್ರ ಬಾಳ ಸಲ ಕೊಯ್ಯೋದ ಬ್ಯಾಡ. ಹಿಂದಿನಿಂದ ಗಾಳಿ ಇಲ್ಲಾ ನೀರು ಹಾಕಿ ಒಳಗ ಹೊಕ್ಕಿದ್ದನ್ನ ವಾಪಸ್ ನೂಕ್ತಾರ. ಹೊತ್ತ ಮಾಡಿದ್ರ ಕರಳು ಕೊಳೆತು, ಅಷ್ಟು ತುಂಡು ಕತ್ತರಿಸಿ ತಗೀಬೇಕು. ದೇವಣಗಾಂವದಿಂದ ಆಲಮೇಲ, ಸಿಂದಗಿ ದಾಟಿ ವಿಜಯಪುರ ಮುಟ್ಟೂದ್ರಾಗ, ಇಲ್ಲಾ ಭೀಮಾ ಬ್ರಿಜ್ ದಾಟಿ ಅಫಜಲಪುರದ ಮ್ಯಾಲ ಕಲಬುರಗಿ ಮುಟ್ಟೂದ್ರಾಗ ಮೊದಲ ಹೊತ್ತ ಹೋಗತದ. ಅದ್ರಾಗ ಇಳಿ ತಗಿಯೋದಕ್ಕ ಅರ್ಧ ದಿನ ಯಾಕ ಕೊಡಬೇಕು?

ತೊಡಿ ಸಂದ್ಯಾಗಿನ ಗಂಟು ಗಟ್ಟಿಯಾಗಿ ಒಳಗ ಹೋಗಲಿಲ್ಲಂದ್ರ, ಅದ್ರಾಗೂ ಕರಳು ಸಿಕ್ಕಿರಬಹುದು. ಆವತ್ತ ಹೋಗ್ರಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಜಂತದ ಹುಳ. ಬಾಳ ಆದ್ರ ಹಗ್ಗದ ಉಂಡಿ ಹಂಗ ಗಂಟಾಗಿ ದಾರಿ ಕಟ್ಟತಾವ. ಫೆಬ್ರುವರಿ 10ಕ್ಕ ಶಾಲಿ, ಅಂಗನವಾಡ್ಯಾಗ 1ರಿಂದ 19 ವರ್ಷದೋರಿಗೆ ಪುಕ್ಕಟ ಗುಳಿಗಿ ಕೊಡೋದು ಇದಕ್ಕಾನೂ ಹೌದು, 2015ರಿಂದ ನಡದದ. ಅದನ್ನ ಉಗುಳಿಸೋ ತಾಯಂದಿರು ನಮ್ಮಾಗ ಅದಾರ! ಆದ್ರ ಹೊಟ್ಟಿ ಉಬ್ಬಿ ವಾಂತಿ ಹತ್ತಿದ ಮ್ಯಾಲ ಮನ್ಯಾಗ ಆ ಗುಳಿಗಿ ಕೊಡಬ್ಯಾಡ್ರಿ.

ಇನ್ನ ವಯಸ್ಸಿಗೆ ಬಂದ ಹುಡುಗ್ಯಾರು. ಇವರ ಹೊಟ್ಟಿನೋವಿಗೆ ನಮ್ಮಲ್ಲಿ ಒಂದ ಉತ್ತರ: ಮುಟ್ಟಿಂದು ಇರಬೇಕು, ಸುಮ್ಮನ ಮಲಗು. ಹಿಂದೆಂದೋ ಅಪೆಂಡಿಕ್ಸ್ ಆಪರೇಷನ್ ಆಗಿದ್ರ ಒಳಗ ಕರಳು ಅಂಟಿಕೊಂಡು ದಾರಿ ಮುಚ್ಚಬಹುದು. ಹೊಟ್ಟಿ ಟಿ.ಬಿ. ಇದ್ರ ಕರಳು ಸಣ್ಣಾಗತದ: ಸಂಜಿಗೆ ಜ್ವರ, ಮೈ ಇಳಿಯೋದು, ಬಿಟ್ಟು ಬಿಟ್ಟು ನೋವು. ಮದುವಿ ಆಗಬೇಕಾದ ಹುಡುಗಿ ಅಂತ ಆ ಹೆಸರನ್ನ ಬಾಯಾಗ ತರೂದಿಲ್ಲ. ಸರಕಾರಿ ದವಾಖಾನ್ಯಾಗ ಟಿ.ಬಿ. ಔಷಧ ಪುಕ್ಕಟ ಸಿಗತದ. ಮುಚ್ಚಿಟ್ಟ ರೋಗಕ್ಕ ಮಾತ್ರ ಹುಡುಗಿ ಬೆಲಿ ಕೊಡ್ತಾಳ. ಕೂದಲಾ ತಿನ್ನೋ ಹುಡುಗ್ಯಾರೂ ಇರ್ತಾರ, ಅದು ಹೊಟ್ಟ್ಯಾಗ ಉಂಡಿಯಾಗಿ ಬಾಲ ಕರಳಿನತನಕ ಇಳೀತದ. ಆಕಿಗೆ ಬಡಿಯೋದಕ್ಕಿಂತ ಆಕಿ ಮನಸಿನ್ಯಾಗ ಏನ ನಡದದ ಅಂತ ಕೇಳಬೇಕು.

ಹಿರ್‍ಯಾರ ಕೈಗುಣ ಸುಳ್ಳಾ ಅಂತ ಕೇಳ್ತೀರಿ. ಎಣ್ಣಿ ಹಚ್ಚಿ ಎರಿಯೋ ಕೈಗೆ ನಾನೂ ಶರಣು. ಆದ್ರ ಯಾವ ಕೈಯೂ ಹೊಟ್ಟಿ ಮ್ಯಾಲಿಂದ ತಿಕ್ಕಿ ತಿರುವಿದ ಕರಳು ಬಿಚ್ಚಲಾರದು.

ಹಸರ ವಾಂತಿ, ಉಬ್ಬಿದ ಹೊಟ್ಟಿ, ಹೇಲೂ ಇಲ್ಲ ಗಾಳಿನೂ ಇಲ್ಲ, ಇಲ್ಲಾ ಲೋಳಿ ಜತಿ ರಕ್ತ. ಇದ್ರಾಗ ಒಂದು ಕಂಡ್ರೂ 108ಕ್ಕ ಫೋನ್ ಹಚ್ಚರಿ. ಚಿಕ್ಕ ಕೂಸಿನ ಹಸರ ವಾಂತಿಗಂತೂ ಬೆಳಗಾಗೋತನಕ ಕಾಯಬ್ಯಾಡ್ರಿ. ಬಾಯಿಗೆ ಎಣ್ಣಿ, ಗುಟ್ಟಿ, ಚಾ ಏನೂ ಹಾಕಬ್ಯಾಡ್ರಿ. ವಾಂತಿ ಆದ ಅರಿವಿ ತೊಳೀದ ಚೀಲದಾಗ ಹಾಕ್ಕೊಂಡು ಹೋಗ್ರಿ, ಬಣ್ಣ ಡಾಕ್ಟರಿಗೆ ಕಾಣಬೇಕು.