ಇರುವ ಹಣ, ತೋರಿಸುವ ಹಣ

ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ. ಕಣದಲ್ಲಿ ಒಣಗಿದ ಬೀಜ ಮಾರಾಟವಾಗಿ, ಅದರ ಬೆನ್ನಿಗೇ ಮೆಣಸಿನ ಕೊಯ್ಲು ಮುಗಿದರೆ ವರ್ಷದ ಆದಾಯವೂ ಮುಗಿದಂತೆ. ಬಂದದ್ದು ಆಳುಗಳ ಬಟವಾಡೆ, ಗೊಬ್ಬರ, ಹಳೆಯ ಸಾಲಗಳಿಗೆ ಹಂಚಿಹೋಗಿ ಮಳೆಗಾಲದ ಹೊತ್ತಿಗೆ ಬ್ಯಾಂಕಿನ ಖಾತೆ ಬರಿದಾಗಿರುತ್ತದೆ. ಸೆಪ್ಟೆಂಬರಿನಲ್ಲಿ ವಿದೇಶೀ ವಿಶ್ವವಿದ್ಯಾಲಯ ಸೇರಬಯಸುವ ಮಕ್ಕಳು ವೀಸಾಕ್ಕೆ ಅರ್ಜಿ ಸಲ್ಲಿಸುವುದೂ ಅದೇ ಮಳೆಗಾಲದಲ್ಲಿ. ಐದಾರು ಎಕರೆ ತೋಟದ ಒಡೆಯ ಕಾಗದದ ಮೇಲೆ ಬಡವನಾಗಿ ಕಾಣುವ ವಿಪರ್ಯಾಸ ಹುಟ್ಟುವುದು ಇಲ್ಲಿಯೇ.

ಬ್ರಿಟನ್ನಿನ ನಿಯಮವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಮೊದಲ ವರ್ಷದ ಶುಲ್ಕದಲ್ಲಿ ಉಳಿದ ಬಾಕಿ ಹಾಗೂ ಗರಿಷ್ಠ ಒಂಬತ್ತು ತಿಂಗಳ ಜೀವನವೆಚ್ಚಕ್ಕೆ ಸಾಲುವಷ್ಟು ಹಣವಿದೆಯೆಂದು ಅಭ್ಯರ್ಥಿ ರುಜುವಾತುಪಡಿಸಬೇಕು. ಲಂಡನ್ನಿನ ಹೊರಗೆ ಓದುವವರಿಗೆ ತಿಂಗಳಿಗೆ 1,136 ಪೌಂಡ್ ಎಂದು 2025ರ ಜನವರಿಯಲ್ಲಿ ನಿಗದಿಯಾಗಿದ್ದ ಈ ವೆಚ್ಚ, ಅದೇ ವರ್ಷದ ನವೆಂಬರಿನಲ್ಲಿ 1,171ಕ್ಕೆ ಏರಿತು. ಈ ಹಣ ವಿದ್ಯಾರ್ಥಿಯ ಅಥವಾ ತಂದೆತಾಯಿಯರ ಖಾತೆಯಲ್ಲಿ ಸತತ 28 ದಿನ ನಿಂತಿರಬೇಕು. ಚಿಕ್ಕಪ್ಪನ ಖಾತೆ ಸಲ್ಲದು. ಆ ಅವಧಿಯ ಕೊನೆಯ ದಿನ ಅರ್ಜಿಗೆ ಹಿಂದಿನ 31 ದಿನಗಳೊಳಗೆ ಬರಬೇಕಾದ್ದರಿಂದ ಮಾರ್ಚಿಯಲ್ಲಿದ್ದ ಹಣ ಜುಲೈಗೆ ಸಾಕ್ಷಿಯಾಗದು. ಪಹಣಿಯಾಗಲಿ ಒಡವೆಯಾಗಲಿ ಹಣವೆನಿಸದು. ಕೆನಡಾ ಕೇಳುತ್ತಿದ್ದ 10,000 ಡಾಲರು 2024ರ ಜನವರಿಯಲ್ಲಿ 20,635ಕ್ಕೆ, 2025ರ ಸೆಪ್ಟೆಂಬರಿನಲ್ಲಿ 22,895ಕ್ಕೆ ಏರಿದೆ.

ಈ ಇಕ್ಕಟ್ಟಿನಲ್ಲಿ ಮಧ್ಯವರ್ತಿಯ ಪ್ರವೇಶವಾಗುತ್ತದೆ. ಬಡ್ಡಿ ಕೊಟ್ಟರೆ ಬೇಕಾದಷ್ಟು ದಿನ ಖಾತೆಯಲ್ಲಿ ಹಣ ನಿಲ್ಲಿಸಿ, ಅನಂತರ ಹಿಂಪಡೆಯುವ ವ್ಯವಸ್ಥೆ ಅವನದು. "ಎಲ್ಲರೂ ಮಾಡುತ್ತಾರಲ್ಲ ಫಾದರ್, ಇದರಲ್ಲಿ ತಪ್ಪೇನು?" ಎಂದು ಕೇಳುವವರುಂಟು. ಸತ್ಯವೆಂದರೆ ಬುದ್ಧಿಗೂ ವಸ್ತುವಿಗೂ ಇರುವ ಹೊಂದಾಣಿಕೆ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದರು. ಪಾಸ್‌ಬುಕ್ಕಿನ ಅಂಕಿ ನಿಜವಿರಬಹುದು. ಆದರೆ 'ಈ ಹಣ ನನ್ನ ಓದಿಗೆ ಇದೆ' ಎಂದು ಅದು ನುಡಿಯುವ ಸಾಕ್ಷ್ಯ ಸುಳ್ಳು.

ಇದರ ಫಲ ಪಾಪನಿವೇದನೆಯ ಪೀಠಕ್ಕಷ್ಟೇ ಸೀಮಿತವಲ್ಲ. ಅರ್ಜಿಯಲ್ಲಿ ವಂಚನೆ ನಡೆದಿದೆಯೆಂದು ತೀರ್ಮಾನವಾದರೆ ಬ್ರಿಟನ್ ಹತ್ತು ವರ್ಷಗಳವರೆಗೆ, ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ನಕಲಿ ಪ್ರವೇಶಪತ್ರಗಳ ದೆಸೆಯಿಂದ 2023ರಲ್ಲಿ ಕೆನಡಾದಲ್ಲಿ ಗಡೀಪಾರಿನ ಭೀತಿಗೆ ಸಿಲುಕಿದ ಭಾರತೀಯ ವಿದ್ಯಾರ್ಥಿಗಳಲ್ಲಿ ಅನೇಕರು ಮಧ್ಯವರ್ತಿಯನ್ನು ನಂಬಿ ಮೋಸಹೋದವರು. ಅರ್ಜಿಯ ಹೊಣೆ ವಿದ್ಯಾರ್ಥಿಯದು, ಮಧ್ಯವರ್ತಿಯದಲ್ಲ ಎಂಬುದನ್ನು ಮರೆಯಲಾಗದು. ವೀಸಾ ದೊರೆತರೂ ಸಂಕಟ ತಪ್ಪದು. ತೋರಿಸಿದ ಹಣ ಒಡೆಯನಿಗೆ ಮರಳಿರುತ್ತದೆ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಪರದೇಶದಲ್ಲಿ ಬಾಡಿಗೆ ಕಟ್ಟಲಾಗದ ಮಗಳ ಕರೆ ಬಂದ ದಿನ ಇಲ್ಲಿ ತೋಟ ಅಡವಿಗೆ ಹೋಗುತ್ತದೆ.

ಹಾಗಾದರೆ ಪ್ರಾಮಾಣಿಕ ದಾರಿಯಿಲ್ಲವೇ? ಇದೆ. ಬ್ಯಾಂಕಿನ ಶಿಕ್ಷಣ ಸಾಲ ಯೋಜನೆಯಡಿ ವಿದ್ಯಾರ್ಥಿಯ ಹೆಸರಿಗೆ ಮಂಜೂರಾದ ಸಾಲದ ಪತ್ರವನ್ನು ಬ್ರಿಟನ್ ಒಪ್ಪುತ್ತದೆ. ಅದಕ್ಕೆ 28 ದಿನಗಳ ಷರತ್ತಿಲ್ಲ. ತೋಟವನ್ನು ಬಡ್ಡಿ ವ್ಯಾಪಾರಿಗೆ ಒಪ್ಪಿಸುವುದಕ್ಕಿಂತ, ಬ್ಯಾಂಕಿಗೆ ಆಧಾರವಾಗಿಟ್ಟು ಓದು ಮುಗಿದ ಮೇಲೆ ಕಂತು ಕಟ್ಟುವುದು ಮೇಲು. ಆದರೆ ಓದುವ ಕಾಲದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಬಡ್ಡಿ ಸಹಾಯಧನ ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತುಹೋಗಿದೆ. 2025ರ ಆರಂಭದಲ್ಲಿ ಕಾಫಿಯ ಬೆಲೆ ದಾಖಲೆಯ ಎತ್ತರಕ್ಕೇರಿದ್ದು ನಿಜ. ಆದರೆ ಒಂದು ಒಳ್ಳೆಯ ಬೆಳೆ ಮೂರು ವರ್ಷದ ಓದನ್ನು ಹೊರಲಾರದು. ವೀಸಾ ನಿಯಮ ಕೇಳುವುದು ಮೊದಲ ವರ್ಷದ ಲೆಕ್ಕ ಮಾತ್ರ. ಉಳಿದ ವರ್ಷಗಳ ಲೆಕ್ಕವನ್ನು ನಾವೇ ಕೇಳಿಕೊಳ್ಳಬೇಕು.

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಎಣಿಸುವ ಸಾಮತಿ ಸಂತ ಲೂಕರ ಶುಭಸಂದೇಶದಲ್ಲಿದೆ. 'ನಿಮ್ಮಲ್ಲಿ ಸಾಕಷ್ಟಿದೆಯೇ?' ಎಂಬ ಪ್ರಶ್ನೆಯನ್ನು ವೀಸಾ ಅಧಿಕಾರಿ ಕೇಳುವುದಕ್ಕೆ ಒಂದು ವರ್ಷ ಮೊದಲೇ, ಬೀಜ ಮಾರಿದ ಹಣ ಕೈಯಲ್ಲಿರುವಾಗ, ಸಂಜೆಯ ಜಪಸರ ಮುಗಿಸಿ ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಕೇಳಿಕೊಳ್ಳಲಿ. ಉತ್ತರ 'ಇಲ್ಲ' ಎಂದಾದರೆ ಅದರಲ್ಲಿ ಅವಮಾನವಿಲ್ಲ. ಸುಳ್ಳಿನ ಮೇಲೆ ಮಕ್ಕಳನ್ನು ದೂರ ಕಳುಹಿಸುವುದರಲ್ಲಿ ಮಾತ್ರ ಅಪಾಯವಿದೆ.